ಅಜ್ಜನ ರೈಫಲ್ಲು, ಲೇಥಿನ ಸೇಫ್ಟಿ

ಕೊಲ್ಹಾಪುರ ಸೀಮೆಯ ಇಚಲಕರಂಜಿಯ ಮಗ್ಗಗಳನ್ನು ನಡೆಸಿಕೊಂಡು ಬಂದದ್ದು ನೂಲು, ವಿದ್ಯುತ್ತು ಮಾತ್ರವೇ ಅಲ್ಲ. ಸುತ್ತಲಿನ ಊರುಗಳ ಲೇಥ್ ಅಂಗಡಿಗಳೂ ಹೌದು. ಬುಶ್ ಸವೆದಿದೆ, ಪಿನ್ನು ಮುರಿದಿದೆ, ಗೇರಿನ ಹಲ್ಲು ಹೋಗಿದೆ ಎಂದು ಹಳೆಯ ತುಂಡನ್ನು ತಂದು ಮೇಜಿನ ಮೇಲಿಟ್ಟರೆ ಸಂಜೆಯೊಳಗೆ ಅದರ ಜೋಡಿ ಸಿದ್ಧವಾಗುತ್ತದೆ. ಕಂಪನಿ ಮುಚ್ಚಿ ದಶಕಗಳಾದ ಯಂತ್ರಗಳೂ ಇಂಥ ಕೈಗಳ ಬಲದಿಂದಲೇ ಇವತ್ತಿಗೂ ಓಡುತ್ತಿವೆ. ಈ ಕೈಗುಣದ ಬಗ್ಗೆ ನನಗೆ ದೊಡ್ಡ ಗೌರವವಿದೆ. ಅದೇ ಕೈ ಮಾಡಬಾರದ ಒಂದು ಕೆಲಸವಿದೆ ಎಂದು ಹೇಳಲು, ಅನಾಹುತವಾದ ಮೇಲಲ್ಲ, ಈಗಲೇ ಹೇಳಲು, ಇದನ್ನು ಬರೆಯುತ್ತಿದ್ದೇನೆ.

ಹೀಗೊಂದು ಸಂಜೆಯನ್ನು ಕಲ್ಪಿಸಿಕೊಳ್ಳಿ. ಗಡಹಿಂಗ್ಲಜ ಕಡೆಯ ಹುಡುಗನೊಬ್ಬ ಕೊರೋಚಿಯ ಅಂಗಡಿಗೆ ಬಂದು, ಕರವಸ್ತ್ರ ಬಿಚ್ಚಿ, ಹೆಬ್ಬೆರಳಿನಷ್ಟು ಉದ್ದದ ಉಕ್ಕಿನ ತುಂಡು ತೆಗೆಯುತ್ತಾನೆ.

"ಕಾಕಾ, ಇದರ ಹಂಗ ಇನ್ನೊಂದ ಮಾಡಿ ಕೊಡ್ರಿ. ಸವದ ಹೋಗೇತಿ, ಸರಿಯಾಗಿ ನಿಲ್ಲವಲ್ದು."

"ಯಾವ ಮಶೀನಿಂದೋ ತಮ್ಮಾ ಇದು?"

"ನಮ್ಮ ಅಜ್ಜಾರ ರೈಫಲ್ಲಿಂದ್ರಿ."

ಆ ಕಾಕಾ ಏನು ಮಾಡುತ್ತಾರೆ ಎಂಬುದರ ಮೇಲೆ ಒಂದು ಜೀವ ನಿಂತಿರುತ್ತದೆ. ತುಂಡು ಚಿಕ್ಕದು, ಕೆಲಸ ಅರ್ಧ ತಾಸಿನದು, ಕೂಲಿ ಇನ್ನೂರು ರೂಪಾಯಿ ಮೀರದು. ಅಳತೆಗೆ ತಕ್ಕ ಹಾಗೆ ತಿರುವಿ, ಅರ ಹಾಕಿ, ಉಜ್ಜಿ ಹೊಳಪು ಕೊಟ್ಟರೆ ನೋಡುವವರಿಗೆ ಹಳೆಯದಕ್ಕಿಂತ ಚೆನ್ನಾಗಿಯೇ ಕಾಣುತ್ತದೆ. ಅಪಾಯ ಇರುವುದೂ ಈ ಚೆನ್ನಾಗಿ ಕಾಣುವುದರಲ್ಲಿಯೇ.

ಈ ಸಂಜೆ ಕಲ್ಪನೆಯದು. ಅದನ್ನು ಹತ್ತಿರ ತರುತ್ತಿರುವ ಕಾರಣಗಳು ಕಲ್ಪನೆಯವಲ್ಲ. 1972ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಬೇಟೆಯ ಬಂದೂಕುಗಳು ಒಂದೊಂದಾಗಿ ಅಟ್ಟ ಸೇರಿದವು. ಕೊಲ್ಹಾಪುರದ ಅರಸರು ಸಾಕಿದ ಚೀತಾಗಳನ್ನು ಬಿಟ್ಟು ಜಿಂಕೆ ಹಿಡಿಸುತ್ತಿದ್ದ ಸೀಮೆ ಇದು. ಇನಾಮದಾರರು, ದೇಸಾಯರು, ಪಾಟೀಲರ ಮನೆಗಳಲ್ಲಿ ಒಂದೊಂದು ರೈಫಲ್ಲು ಇರುವುದು ಅಂಥ ಆಶ್ಚರ್ಯವಲ್ಲ. ಐವತ್ತು ವರ್ಷ ಅವು ಎಣ್ಣೆ ಬಟ್ಟೆಯಲ್ಲಿ ಸುತ್ತಿಕೊಂಡು ಮಲಗಿದವು. ಈಗ ಅವುಗಳ ಒಡೆಯರಿಗೆ ಎಪ್ಪತ್ತು, ಎಂಬತ್ತು. 2016ರ ಶಸ್ತ್ರಾಸ್ತ್ರ ನಿಯಮಗಳ ಪ್ರಕಾರ ಲೈಸೆನ್ಸುದಾರನಿಗೆ 70 ವರ್ಷ ತುಂಬಿದರೆ, ಅಥವಾ ಆಯುಧ ಅವನ ಬಳಿ 25 ವರ್ಷ ಇದ್ದಿದ್ದರೆ, ಬದುಕಿರುವಾಗಲೇ ವಾರಸುದಾರನ ಹೆಸರಿಗೆ ಮಾಡಿಸಬಹುದು. ಒಂದಿಡೀ ತಲೆಮಾರಿನ ಬಂದೂಕುಗಳು ಮೊಮ್ಮಕ್ಕಳ ಕೈಗೆ ಇಳಿಯುತ್ತಿರುವ ಕಾಲ ಇದು. ಅಜ್ಜನಿಗೆ ಆ ರೈಫಲ್ಲಿನ ಒಂದೊಂದು ಗೊಣಗಾಟವೂ ಗೊತ್ತಿತ್ತು. ಮೊಮ್ಮಗನಿಗೆ ಗೊತ್ತಿರುವುದು ಮೊಬೈಲಿನಲ್ಲಿ ನೋಡಿದ ಹತ್ತು ನಿಮಿಷದ ವಿಡಿಯೋ.

ಇನ್ನೊಂದು ಕಡೆಯಿಂದ ಕಾಡು ಹೊಲದೊಳಕ್ಕೆ ಬಂದಿದೆ. ರಾಧಾನಗರಿ ಅಭಯಾರಣ್ಯ 1958ರಿಂದ ಕಾಡುಕೋಣಗಳ ನೆಲೆ. ಈಗ ಅವು ಆಜರಾ, ಚಂದಗಡದ ಹೊಲಗಳಲ್ಲೂ ಕಾಣುತ್ತವೆ. ಈ ಶತಮಾನದ ಆರಂಭದಿಂದ ಕರ್ನಾಟಕದ ಕಾಡಿನ ಆನೆಗಳೂ ಆ ದಾರಿ ಹಿಡಿದಿವೆ. ಹಿರಣ್ಯಕೇಶಿಯ ದಂಡೆಯ ಕಬ್ಬಿನಲ್ಲಿ ಹಂದಿಗಳ ಕಾಟ ಯಾವ ರೈತನಿಗೂ ಹೊಸ ಸುದ್ದಿಯಲ್ಲ. ರಾತ್ರಿ ಹೊಲ ಕಾಯುವ ಮನುಷ್ಯನಿಗೆ ಅಟ್ಟದ ಮೇಲಿನ ರೈಫಲ್ಲು ನೆನಪಾಗುವುದು ಸಹಜ. ಕಾಡುಪ್ರಾಣಿಯ ಮೇಲೆ ಗುಂಡು ಹಾರಿಸಬೇಕಾದರೆ ಅರಣ್ಯ ಇಲಾಖೆಯ ಲಿಖಿತ ಅನುಮತಿ ಬೇಕು, ಆನೆ ಮತ್ತು ಕಾಡುಕೋಣಗಳ ಮಾತಂತೂ ಬೇರೆಯೇ. ಆದರೆ ಗುಂಡು ಹಾರಿಸುವ ಉದ್ದೇಶವೇ ಇಲ್ಲದೆ ಕೇವಲ ಧೈರ್ಯಕ್ಕೆಂದು ಹೆಗಲಿಗೇರಿಸಿಕೊಂಡ ರೈಫಲ್ಲೇ ನನ್ನನ್ನು ಹೆಚ್ಚು ಕಾಡುತ್ತದೆ. ಅದರಲ್ಲಿ ತೋಟಾ ತುಂಬಿರುತ್ತದೆ, ಹೊತ್ತವನು ಕತ್ತಲಲ್ಲಿ ಬದುವಿನ ಮೇಲೆ ನಡೆಯುತ್ತಿರುತ್ತಾನೆ, ಹಿಂದೆ ಮಗನೋ ಆಳುಮಗನೋ ಟಾರ್ಚು ಹಿಡಿದು ಬರುತ್ತಿರುತ್ತಾನೆ. ಇಬ್ಬರ ನಡುವೆ ಇರುವುದು ಆ ಹೆಬ್ಬೆರಳುದ್ದದ ಉಕ್ಕಿನ ತುಂಡು ಒಂದೇ.

ಆ ತುಂಡು ರೈಫಲ್ಲಿನ ಸೇಫ್ಟಿ, ಅಂದರೆ ಬೇಡದಾಗ ಗುಂಡು ಹಾರದಂತೆ ತಡೆಯುವ ಬೀಗ. ಅದು ಏನು ಮಾಡುತ್ತದೆ ಎಂಬುದನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು. ಅದು ಗೊತ್ತಾದರೆ ಈ ಬರಹದ ಉಳಿದ ಮಾತೆಲ್ಲ ತಾನಾಗಿ ಅರ್ಥವಾಗುತ್ತದೆ.

ಬೋಲ್ಟ್ ಆಕ್ಷನ್ ರೈಫಲ್ಲೆಂದರೆ ಹಿಂದಿನ ಕಾಲದ ಬಾಗಿಲಿನ ಅಗುಳಿಯಂಥದು. ಹಿಡಿ ಎತ್ತಿ ಹಿಂದಕ್ಕೆಳೆದರೆ ನಳಿಗೆಯ ಬಾಯಿ ತೆರೆಯುತ್ತದೆ. ಮುಂದಕ್ಕೆ ತಳ್ಳಿ ಹಿಡಿ ಕೆಳಗೊತ್ತಿದರೆ ತೋಟಾ ಒಳಗೆ ಹೋಗಿ ಬಾಗಿಲು ಬಿಗಿಯಾಗುತ್ತದೆ. ಬೋಲ್ಟಿನ ಹೊಟ್ಟೆಯಲ್ಲಿ ಬಲವಾದ ಸ್ಪ್ರಿಂಗು, ಅದರ ಬಲದಲ್ಲಿ ಮುಂದಕ್ಕೆ ನುಗ್ಗಲು ಕಾದಿರುವ ಮೊಳೆಯಂಥ ಸ್ಟ್ರೈಕರು. ಸ್ಟ್ರೈಕರಿನ ಹಿಂದಿನ ತುದಿಗೆ ಕಾಕಿಂಗ್ ಪೀಸು. ಅದು ಸಿಯರ್ ಎಂಬ ಒಂದು ಹಲ್ಲಿಗೆ ಆತು ನಿಂತಿರುತ್ತದೆ. ಟ್ರಿಗರ್ ಎಳೆದಾಗ ಆ ಹಲ್ಲು ಕೆಳಗೆ ಜಾರುತ್ತದೆ, ಸ್ಟ್ರೈಕರ್ ಬಿಡುಗಡೆಯಾಗುತ್ತದೆ, ಗುಂಡು ಹಾರುತ್ತದೆ. ಎರಡು ಉಕ್ಕಿನ ಅಂಚುಗಳು ಒಂದಕ್ಕೊಂದು ಆತುಕೊಂಡಿರುವ ಆ ಚೂರು ಜಾಗ ತೀರ ಕಿರಿದು.

1898ರಲ್ಲಿ ಜರ್ಮನ್ ಸೈನ್ಯ ಸ್ವೀಕರಿಸಿದ ಪಾಲ್ ಮೌಸರನ ರೈಫಲ್ಲು ಈ ಜಾತಿಯ ಬಹುಪಾಲು ಬೇಟೆ ರೈಫಲ್ಲುಗಳಿಗೆ ತಾಯಿ. ಚಂಪಾವತದ ನರಭಕ್ಷಕ ಹೆಣ್ಣುಹುಲಿಯನ್ನು 1907ರಲ್ಲಿ ಕೊಂದದ್ದಕ್ಕೆ ಜಿಮ್ ಕಾರ್ಬೆಟ್ಟನಿಗೆ ಬಹುಮಾನವಾಗಿ ಬಂದ .275 ರಿಗ್ಬಿ ರೈಫಲ್ಲೂ ಮೌಸರ್ ಆಕ್ಷನ್ನಿನ ಮೇಲೆ ಕಟ್ಟಿದ್ದೇ. ಮೂಲ ಮೌಸರಿನ ಬೋಲ್ಟಿನ ಹಿಂತುದಿಯಲ್ಲಿ ಚಿಟ್ಟೆಯ ರೆಕ್ಕೆಯಂಥ ಸೇಫ್ಟಿ ಇದೆ. ಎಡಕ್ಕೆ ಮಲಗಿದ್ದರೆ ಗುಂಡು ಹಾರುತ್ತದೆ. ನೆಟ್ಟಗೆ ನಿಲ್ಲಿಸಿದರೆ ಸ್ಟ್ರೈಕರಿಗೆ ತಡೆ ಬಿದ್ದಿರುತ್ತದೆ, ಆದರೆ ಬೋಲ್ಟ್ ತೆರೆದು ತೋಟಾ ತೆಗೆಯಬಹುದು. ಬಲಕ್ಕೆ ಮಲಗಿಸಿದರೆ ಬೋಲ್ಟೂ ಬಂದ್. ಇಲ್ಲೊಂದು ಜಾಣತನವಿದೆ. ಆ ರೆಕ್ಕೆಯನ್ನು ಮೇಲೆತ್ತಿದಾಗ ಅದರ ಬುಡದ ಇಳಿಜಾರು ಕಾಕಿಂಗ್ ಪೀಸನ್ನು ಕೂದಲೆಳೆಯಷ್ಟು ಹಿಂದಕ್ಕೆ ಸರಿಸಿ, ಸಿಯರಿನ ಹಲ್ಲಿನಿಂದ ಬಿಡಿಸಿ, ತಾನೇ ಹಿಡಿದುಕೊಳ್ಳುತ್ತದೆ. ಆಮೇಲೆ ಯಾರಾದರೂ ಟ್ರಿಗರ್ ಎಳೆದರೂ ಹಲ್ಲು ಸುಮ್ಮನೆ ಕೆಳಗೆ ಹೋಗಿ, ಬಿಟ್ಟಾಗ ಮೇಲೆ ಬಂದು ತನ್ನ ಜಾಗದಲ್ಲಿ ಕೂರುತ್ತದೆ. ಸೇಫ್ಟಿ ಇಳಿಸಿದಾಗ ಕಾಕಿಂಗ್ ಪೀಸು ಮತ್ತೆ ಅದೇ ಹಲ್ಲಿನ ಮೇಲೆ ಇಳಿಯುತ್ತದೆ.

ಈಗ ಆ ಇಳಿಜಾರು ಒಂದು ಕೂದಲೆಳೆ ಕಡಿಮೆಯಾಗಿದೆ ಎಂದುಕೊಳ್ಳಿ. ಸವೆದಿರಬಹುದು, ಹೊಸ ತುಂಡಿಗೆ ಅರ ಹೆಚ್ಚು ಬಿದ್ದಿರಬಹುದು, ಬೇರೆ ರೈಫಲ್ಲಿನ ಸೇಫ್ಟಿ ತಂದು ಹಾಕಿರಬಹುದು. ಸೇಫ್ಟಿ ಹಾಕಿದರೆ ಕಾಕಿಂಗ್ ಪೀಸನ್ನು ಅದು ಹಿಡಿಯುತ್ತದೆ, ಆದರೆ ಹಿಂದಕ್ಕೆ ಸರಿಸುವುದಿಲ್ಲ. ಯಾರೋ ಪರೀಕ್ಷೆ ಮಾಡಲು ಟ್ರಿಗರ್ ಎಳೆಯುತ್ತಾರೆ. ಗುಂಡು ಹಾರುವುದಿಲ್ಲ. "ನೋಡ್ರಿ, ಲಾಕ್ ಬರೋಬರಿ ಐತಿ" ಎನ್ನುತ್ತಾರೆ. ಆದರೆ ಒಳಗೆ ಸಿಯರಿನ ಹಲ್ಲು ಕೆಳಗೆ ಹೋಗಿದೆ. ಕಾಕಿಂಗ್ ಪೀಸು ಸಾಸಿವೆಯಷ್ಟು ಮುಂದೆ ಬಂದು ಅದರ ನೆತ್ತಿಯ ಮೇಲೆ ಕೂತಿದೆ. ಹಲ್ಲಿಗೆ ಮೇಲೆ ಬರಲು ಜಾಗವಿಲ್ಲ. ಈಗ ಸ್ಟ್ರೈಕರನ್ನು ಹಿಡಿದಿರುವುದು ಸೇಫ್ಟಿ ಒಂದೇ. ಅರ್ಧ ತಾಸು ಬಿಟ್ಟು ಹೊಲದಲ್ಲಿ ಸೇಫ್ಟಿ ಇಳಿಸಿದ ಕ್ಷಣಕ್ಕೆ, ಟ್ರಿಗರಿನ ಹತ್ತಿರ ಬೆರಳೇ ಇಲ್ಲದಿದ್ದರೂ, ರೈಫಲ್ಲು ಸಿಡಿಯುತ್ತದೆ.

ಈ ಒಂದು ಮಾತನ್ನು ಓದುಗರು ಮನಸ್ಸಿನಲ್ಲಿ ಇಟ್ಟುಕೊಂಡರೆ ಸಾಕು. ಸೇಫ್ಟಿ ಎಂಬುದು ಒಂಟಿ ಸಾಮಾನಲ್ಲ. ಅದು ಕಾಕಿಂಗ್ ಪೀಸು, ಸಿಯರು, ಬೋಲ್ಟಿನ ಬೆನ್ನು ಇವುಗಳ ಜೊತೆಗಿನ ಒಂದು ಲೆಕ್ಕ. ನೂರು ವರ್ಷದ ರೈಫಲ್ಲಿನಲ್ಲಿ ಆ ಅಂಚುಗಳೆಲ್ಲ ಒಂದನ್ನೊಂದು ಸವೆಸುತ್ತಾ ತಮ್ಮದೇ ಹೊಂದಾಣಿಕೆಗೆ ಬಂದಿರುತ್ತವೆ. ಅದರಲ್ಲಿ ಒಂದನ್ನು ತೆಗೆದು ಹೊಸದು ಹಾಕಿದರೆ ಲೆಕ್ಕ ಮೊದಲಿಂದ ಮಾಡಬೇಕು. ಕೊರೋಚಿಯ ಕಾಕಾ ಅತ್ಯಂತ ನಿಷ್ಠೆಯಿಂದ ನಕಲು ಮಾಡಿದರೂ ಅವರ ಮುಂದಿರುವ ಮಾದರಿಯೇ ಸವೆದದ್ದು. ಸವೆದ ತುಂಡಿನ ನಕಲೂ ಸವೆದ ತುಂಡೇ. ಮೇಲಾಗಿ ಇಂಥ ಭಾಗಗಳ ಮೇಲ್ಮೈಗೆ ಮಾತ್ರ ಗಡಸು ಹದ ಕೊಟ್ಟು, ಒಳಗನ್ನು ಸ್ವಲ್ಪ ಮೆದುವಾಗಿ ಬಿಟ್ಟಿರುತ್ತಾರೆ. ಸಾದಾ ಉಕ್ಕಿನಲ್ಲಿ ಮಾಡಿದರೆ ಕೆಲವೇ ಸಲ ತಿರುಗಿಸುವಷ್ಟರಲ್ಲಿ ಅಂಚು ಉರುಟಾಗುತ್ತದೆ; ಪೂರಾ ಗಡಸು ಮಾಡಿದರೆ ಒಂದು ದಿನ ಗಾಜಿನ ಹಾಗೆ ಚಟ್ಟೆಂದು ಮುರಿಯುತ್ತದೆ.

ಮಗ್ಗದವರಿಗೆ ಇದನ್ನು ಹೇಳುವುದು ಸುಲಭ. ಶಟಲ್ಲು ಆಚೆಯ ಪೆಟ್ಟಿಗೆ ಮುಟ್ಟದೆ ನಡುವೆ ಸಿಕ್ಕಿಬಿದ್ದರೆ ಮಗ್ಗವನ್ನು ಧಡ್ಡೆಂದು ನಿಲ್ಲಿಸುವ ಏರ್ಪಾಡೊಂದಿದೆ. ಪೆಟ್ಟಿಗೆಯಲ್ಲಿ ಶಟಲ್ಲು ಬಂದು ಒತ್ತಿದರೆ ಮಾತ್ರ ತಡೆ ಮೇಲೇಳುತ್ತದೆ, ಮಗ್ಗ ಮುಂದುವರಿಯುತ್ತದೆ. ಆ ಒತ್ತುವ ಪಟ್ಟಿ, ಅದರ ಸ್ಪ್ರಿಂಗು, ಕೆಳಗಿನ ಕೊಕ್ಕೆ ಮೂರೂ ಹೊಂದಿದ್ದರೆ ಅದು ರಕ್ಷಣೆ. ಒಂದನ್ನು ಅಂದಾಜಿನ ಮೇಲೆ ಬದಲಿಸಿ, ಮೇಲಿಂದ ಮೇಲೆ ಮಗ್ಗ ನಿಲ್ಲುತ್ತದೆಂದು ಇನ್ನೊಂದನ್ನು ತಂತಿಯಿಂದ ಬಿಗಿದರೆ, ಏರ್ಪಾಡು ಕಣ್ಣಿಗೆ ಕಾಣುತ್ತಲೇ ಇರುತ್ತದೆ, ಕೆಲಸ ಮಾತ್ರ ಮಾಡುವುದಿಲ್ಲ. ಆಗ ಹಾಳಾಗುವುದು ಹಾಸು ನೂಲು, ಕೆಟ್ಟ ಗಳಿಗೆಯಲ್ಲಿ ನೇಕಾರನ ಮುಖ. ರೈಫಲ್ಲಿನಲ್ಲಿ ಹಾಳಾಗಲು ನೂಲು ಇರುವುದಿಲ್ಲ.

ಸವೆದದ್ದೇ ಸೇಫ್ಟಿ ಬದಲಿಸಲು ಕಾರಣವಾಗಬೇಕಿಲ್ಲ. ದುರ್ಬೀನು ಹಾಕಿಸುವ ಆಸೆ ಈಗ ಹೆಚ್ಚು. ಮೌಸರ್ ಜಾತಿಯ ರೈಫಲ್ಲಿನ ಮೇಲೆ ದುರ್ಬೀನು ತಗ್ಗಿನಲ್ಲಿ ಕೂರಿಸಿದರೆ ರೆಕ್ಕೆಯಂಥ ಸೇಫ್ಟಿ ಮೇಲೇಳುವಾಗ ಅದಕ್ಕೆ ಬಡಿಯುತ್ತದೆ. ಹಾಗಾಗಿ ರೆಕ್ಕೆ ತೆಗೆದು ತಗ್ಗಿನ ಸೇಫ್ಟಿ ಹಾಕುತ್ತಾರೆ, ಇಲ್ಲವೇ ಪಕ್ಕದಲ್ಲಿ ಸೇಫ್ಟಿ ಗುಂಡಿ ಇರುವ ಹೊಸ ಟ್ರಿಗರ್ ಕಟ್ಟನ್ನೇ ಕೂರಿಸುತ್ತಾರೆ. ಈ ಎರಡನೆಯದರಲ್ಲಿ ಸ್ವಭಾವವೇ ಬದಲಾಗುತ್ತದೆ. ಹಳೆಯ ಸೇಫ್ಟಿ ಸ್ಟ್ರೈಕರನ್ನೇ ಕೈಯಲ್ಲಿ ಹಿಡಿದುಕೊಳ್ಳುತ್ತಿತ್ತು. ಹೊಸದು ಎಷ್ಟೋ ಸಲ ಟ್ರಿಗರನ್ನೋ ಸಿಯರನ್ನೋ ಮಾತ್ರ ತಡೆಯುತ್ತದೆ. ಒಳ್ಳೆಯ ಕಂಪನಿಯ ಮಾಲು, ಬಲ್ಲವರ ಕೈಯಲ್ಲಿ ಕೂತದ್ದಾದರೆ ಅದು ಚೆನ್ನಾಗಿಯೇ ಕೆಲಸ ಮಾಡುತ್ತದೆ. ಆದರೆ ಹಗುರ ಎಳೆತ ಬೇಕೆಂದು ಸ್ಕ್ರೂ ತಿರುವಿ ಹಲ್ಲಿನ ಆಸರೆಯನ್ನು ಕಡಿಮೆ ಮಾಡಿದ್ದರೆ, ಒಳಗೆ ಹಳೆಯ ಎಣ್ಣೆ ಅಂಟಾಗಿ ಧೂಳು ಕೂತಿದ್ದರೆ, ಟ್ರಿಗರಿಗೆ ಬೀಗ ಬಿದ್ದಿದ್ದರೂ ಸ್ಟ್ರೈಕರ್ ಒಂದು ಹೊಡೆತಕ್ಕೆ ಜಾರಬಹುದು. ಬದುವಿನ ಮೇಲೆ ಕಾಲು ಜಾರಿ ರೈಫಲ್ಲಿನ ಹಿಂಬುಡ ಕಲ್ಲಿಗೆ ಬಡಿದರೆ ಸಾಕು.

ನಮ್ಮ ಕಡೆ ಮೌಸರಿಗಿಂತ ಹೆಚ್ಚು ಸಿಗುವುದು ಲೀ ಎನ್‌ಫೀಲ್ಡ್ ವಂಶದ ರೈಫಲ್ಲುಗಳು. .303 ಸೈನ್ಯದ ಬೋರ್ ಆದ್ದರಿಂದ ಸಾಮಾನ್ಯರಿಗೆ ನಿಷೇಧ. ಅದರ ಬದಲಿಗೆ ಇಶಾಪುರದ ರೈಫಲ್ ಕಾರ್ಖಾನೆ ಅದೇ ಲೀ ಎನ್‌ಫೀಲ್ಡ್ ಆಕ್ಷನ್ನಿನ ಮೇಲೆ .315 ಸ್ಪೋರ್ಟಿಂಗ್ ರೈಫಲ್ಲು ಮಾಡಿ ಕೊಟ್ಟಿತು. ದೇಶದುದ್ದಕ್ಕೂ ಲೈಸೆನ್ಸಿನ ರೈಫಲ್ಲೆಂದರೆ ಬಹಳ ಕಡೆ ಅದೇ. ಇದರ ಸೇಫ್ಟಿ ಎಡಗಡೆ, ಹೆಬ್ಬೆರಳಿಗೆ ಸಿಗುವ ಹಾಗೆ. ಅದು ಎರಡು ತುಂಡು: ಹೊರಗಿನ ಗುಂಡಿ, ಒಳಗಿನ ಬೀಗ. ಎರಡನ್ನೂ ಕೂಡಿಸುವುದು ಹಲವು ಆರಂಭಗಳಿರುವ ಥ್ರೆಡ್ಡು. ಸಾದಾ ನಟ್ಟು ಬೋಲ್ಟಿನ ಥ್ರೆಡ್ಡು ಎಲ್ಲಿಂದ ಹಿಡಿದರೂ ಒಂದೇ ಕಡೆ ಬಂದು ನಿಲ್ಲುತ್ತದೆ, ಇದು ಹಾಗಲ್ಲ. ತಪ್ಪು ಆರಂಭದಿಂದ ಹಿಡಿದರೆ ಗುಂಡಿ ಸರಿಯಾಗಿಯೇ ತಿರುಗುತ್ತದೆ, ಆದರೆ ಒಳಗಿನ ಬೀಗ ತನ್ನ ಜಾಗಕ್ಕೆ ಪೂರ್ತಿ ಹೋಗಿ ಕೂರುವುದಿಲ್ಲ. ಬಿಚ್ಚಿ ತೊಳೆದು ಮತ್ತೆ ಜೋಡಿಸುವವನಿಗೆ ಇದು ಗೊತ್ತಿಲ್ಲದಿದ್ದರೆ, ಯಾವ ಭಾಗವನ್ನೂ ಬದಲಿಸದೆಯೇ ಸೇಫ್ಟಿ ಕೆಟ್ಟಿರುತ್ತದೆ.

ಬೋಲ್ಟ್ ಬದಲಿಸುವುದಂತೂ ಇನ್ನೂ ದೊಡ್ಡ ತಪ್ಪು. ಬೋಲ್ಟಿನ ಹಿಡಿಯ ಮೇಲೂ ಅದು ಕೂರುವ ರಿಸೀವರಿನ ಮೇಲೂ ಒಂದೇ ನಂಬರ್ ಹೊಡೆದಿರುವುದು ಅಲಂಕಾರಕ್ಕಲ್ಲ. ತೋಟಾದ ಬೆನ್ನಿಗೂ ಬೋಲ್ಟಿನ ಮುಖಕ್ಕೂ ಇರಬೇಕಾದ ಸಂದನ್ನು ಆ ಜೋಡಿಗೆಂದೇ ಹೊಂದಿಸಿರುತ್ತಾರೆ. ಸಂದು ಹೆಚ್ಚಾದರೆ ತೋಟಾದ ಹಿತ್ತಾಳೆ ಹರಿದು, ಹೊಗೆಯೂ ಬೆಂಕಿಯೂ ಗುರಿ ನೋಡುತ್ತಿರುವವನ ಕಣ್ಣಿಗೇ ಬರುತ್ತವೆ.

ಕಾರ್ಖಾನೆಯಲ್ಲೇ ಆದ ಲೆಕ್ಕದ ತಪ್ಪಿಗೆ ಎಷ್ಟು ಬೆಲೆ ತೆರಬೇಕಾಯಿತು ಎಂಬುದಕ್ಕೆ ಅಮೆರಿಕದ ಒಂದು ಉದಾಹರಣೆ ಸಾಕು. ರೆಮಿಂಗ್ಟನ್ ಕಂಪನಿಯ 700 ಮಾದರಿ 1962ರಲ್ಲಿ ಬಂದದ್ದು, ಆ ದೇಶದಲ್ಲಿ ಅತ್ಯಂತ ಹೆಚ್ಚು ಮಾರಾಟವಾದ ಬೋಲ್ಟ್ ಆಕ್ಷನ್ ರೈಫಲ್ಲುಗಳಲ್ಲಿ ಒಂದು. ಟ್ರಿಗರ್ ಮುಟ್ಟದಿದ್ದರೂ, ಸೇಫ್ಟಿ ಇಳಿಸಿದಾಗ ಅಥವಾ ಬೋಲ್ಟ್ ಅಲುಗಿಸಿದಾಗ ಗುಂಡು ಹಾರಿತೆಂದು ದೂರುಗಳು ಬಂದವು, ದಶಕಗಳ ಕಾಲ ಮೊಕದ್ದಮೆ ನಡೆದವು. 1982ರವರೆಗೆ ಆ ರೈಫಲ್ಲಿನಲ್ಲಿ ತೋಟಾ ಹೊರತೆಗೆಯಬೇಕಾದರೂ ಮೊದಲು ಸೇಫ್ಟಿ ಇಳಿಸಲೇಬೇಕಿತ್ತು. 2000ದ ಇಸವಿಯಲ್ಲಿ ಮೊಂಟಾನಾದಲ್ಲಿ ಬೇಟೆ ಮುಗಿಸಿ ಬಂದ ತಾಯಿಯೊಬ್ಬಳು ರೈಫಲ್ಲು ಖಾಲಿ ಮಾಡಲೆಂದು ಸೇಫ್ಟಿ ಇಳಿಸಿದಾಗ ಗುಂಡು ಹಾರಿ, ಕುದುರೆ ಸಾಗಿಸುವ ಗಾಡಿಯನ್ನು ತೂರಿಕೊಂಡು ಹೋಗಿ, ಆಚೆಗಿದ್ದ ಒಂಬತ್ತು ವರ್ಷದ ಮಗನಿಗೆ ತಗುಲಿತು. ಹುಡುಗ ಉಳಿಯಲಿಲ್ಲ. ಕಂಪನಿ ದೋಷವನ್ನು ಒಪ್ಪಿಕೊಳ್ಳಲಿಲ್ಲ. ಆದರೆ 2018ರಲ್ಲಿ ಜಾರಿಗೆ ಬಂದ ಒಪ್ಪಂದದಂತೆ ಸುಮಾರು 75 ಲಕ್ಷ ಬಂದೂಕುಗಳ ಒಡೆಯರಿಗೆ ಟ್ರಿಗರ್ ಬದಲಿಸಿಕೊಳ್ಳುವ ಅವಕಾಶ ಸಿಕ್ಕಿತು. ಎಂಜಿನಿಯರುಗಳು, ಪ್ರಯೋಗಾಲಯಗಳು, ಮೈಕ್ರೋಮೀಟರುಗಳು ಎಲ್ಲ ಇದ್ದ ಕಂಪನಿಯ ಕತೆ ಇದು. ಕರವಸ್ತ್ರದಲ್ಲಿ ಸುತ್ತಿ ತಂದ ತುಂಡಿನ ಕತೆಗೆ ಇಂಥ ಮೊಕದ್ದಮೆಯೂ ಇರುವುದಿಲ್ಲ, ಒಪ್ಪಂದವೂ ಇರುವುದಿಲ್ಲ.

ಕನ್ನಡನಾಡಿನಲ್ಲಿ ಈ ಎಚ್ಚರ ಎಲ್ಲಕ್ಕಿಂತ ಮೊದಲು ಬೇಕಾದದ್ದು ಕೊಡಗಿಗೆ. ಅಲ್ಲಿ ಕೋವಿ ಮನೆಯ ಸದಸ್ಯನಿದ್ದ ಹಾಗೆ. ಗಂಡು ಮಗು ಹುಟ್ಟಿದರೆ ಒಂದು ಗುಂಡು, ಸಾವಾದರೆ ಎರಡು. ಹುತ್ತರಿಯಲ್ಲಿ ಕದಿರು ತೆಗೆಯುವಾಗಲೂ ಗುಂಡಿನ ಸದ್ದು. ಸೆಪ್ಟೆಂಬರ್ 3ರ ಆಯುಧಪೂಜೆಯ ಹಬ್ಬವಾದ ಕೈಲ್‌ಪೊಳ್ದಿನಂದು ಕುಟುಂಬದ ಮೂಲಮನೆಯಾದ ಐನ್‌ಮನೆಯಲ್ಲಿ ಕೋವಿಗಳನ್ನು ಸಾಲಾಗಿಟ್ಟು, ತೋಕ್‌ಪೂ ಎಂಬ ಕೋವಿಹೂವು ಮುಡಿಸಿ ಪೂಜಿಸುತ್ತಾರೆ. 1834ರಲ್ಲಿ ಕೊಡಗನ್ನು ವಶಕ್ಕೆ ತೆಗೆದುಕೊಂಡ ಬ್ರಿಟಿಷರೇ 1861ರಲ್ಲಿ, ಮಾರ್ಕ್ ಕಬ್ಬನ್ ಕಮಿಷನರ್ ಆಗಿದ್ದಾಗ, ಕೊಡವರಿಗೆ ಶಸ್ತ್ರ ನಿಷೇಧದಿಂದ ವಿನಾಯಿತಿ ಕೊಟ್ಟರು. ಸ್ವತಂತ್ರ ಭಾರತವೂ ಕೊಡವರಿಗೆ ಮತ್ತು ಜಮ್ಮಾ ಎಂಬ ವಂಶಪಾರಂಪರ್ಯದ ಭೂಮಿಯ ಹಿಡುವಳಿದಾರರಿಗೆ ಅದನ್ನು ಮುಂದುವರಿಸಿತು. 2019ರ ಅಧಿಸೂಚನೆಯ ಪ್ರಕಾರ ಈಗಿನ ವಿನಾಯಿತಿ 2029ರ ಅಕ್ಟೋಬರ್ ಕೊನೆಯವರೆಗೆ ಇದೆ. ಅದನ್ನು ಪ್ರಶ್ನಿಸಿ ಸಲ್ಲಿಸಿದ್ದ ಅರ್ಜಿಯ ಮೇಲೆ ಕರ್ನಾಟಕ ಹೈಕೋರ್ಟ್ 2021ರಲ್ಲಿ ವಿನಾಯಿತಿಯನ್ನು ಎತ್ತಿಹಿಡಿಯಿತು.

ಆ ಹಕ್ಕಿನ ಬಗ್ಗೆ ನನ್ನ ತಕರಾರಿಲ್ಲ. ಒಂದು ಜನಾಂಗ ನೂರಾರು ವರ್ಷ ಶಿಸ್ತಿನಿಂದ ಕಾಪಾಡಿಕೊಂಡ ಗೌರವ ಅದು. ನನ್ನ ಆತಂಕ ಕೋವಿಯ ವಯಸ್ಸಿನ ಬಗ್ಗೆ. ಲೈಸೆನ್ಸು ಬೇಕಿಲ್ಲವೆಂದರೆ ನವೀಕರಣಕ್ಕೆಂದು ಐದು ವರ್ಷಕ್ಕೊಮ್ಮೆ ಕೋವಿಯನ್ನು ಯಾರೆದುರಾದರೂ ತೋರಿಸುವ ಸಂದರ್ಭವೂ ಇಲ್ಲ. ಒಂಟಿ ನಳಿಗೆ, ಜೋಡಿ ನಳಿಗೆಗಳ ಜೊತೆಗೆ ಸೈನ್ಯದಲ್ಲಿದ್ದ ಅಜ್ಜಂದಿರು ತಂದ ರೈಫಲ್ಲುಗಳೂ ಇರುವ ಮನೆಗಳಲ್ಲಿ, ಮೂವತ್ತು ವರ್ಷದ ಹಿಂದೆ ಯಾವುದೋ ಊರಿನ ಯಾವುದೋ ಕೈ ಆ ಸೇಫ್ಟಿಗೆ ಏನು ಮಾಡಿತ್ತೆಂದು ಹೇಳುವವರು ಈಗ ಉಳಿದಿರಲಿಕ್ಕಿಲ್ಲ. ಹಬ್ಬದ ಸಂಜೆ ತೆಂಗಿನಕಾಯಿಗೆ ಗುರಿಯಿಡಲು ಮಕ್ಕಳು ಮರಿಯೆಲ್ಲ ಸೇರಿರುತ್ತಾರೆ. ಕೋವಿ ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಹೋಗುತ್ತದೆ, ಪ್ರತಿ ಕೈಯೂ ಸೇಫ್ಟಿಯನ್ನು ಒಮ್ಮೆ ಹಾಕಿ ಒಮ್ಮೆ ತೆಗೆಯುತ್ತದೆ. ಮೇಲೆ ಹೇಳಿದ ಕೂದಲೆಳೆಯ ಕೊರತೆ ಬಯಲಾಗುವುದಕ್ಕೆ ಇದಕ್ಕಿಂತ ಕೆಟ್ಟ ಜಾಗ ಇನ್ನೊಂದಿಲ್ಲ.

ಕಾನೂನು ಏನೆನ್ನುತ್ತದೆ ಎಂಬುದು ಲೇಥ್ ಅಂಗಡಿಯವರಿಗೂ ತಿಳಿದಿರಲಿ. 1959ರ ಶಸ್ತ್ರಾಸ್ತ್ರ ಕಾಯ್ದೆಯಲ್ಲಿ ಆಯುಧವೆಂದರೆ ಪೂರ್ತಿ ಬಂದೂಕಷ್ಟೇ ಅಲ್ಲ, ಅದರ ಭಾಗಗಳೂ ಸೇರುತ್ತವೆ. ಬಂದೂಕನ್ನು ತಯಾರಿಸಲು ಮಾತ್ರವಲ್ಲ, ಮಾರ್ಪಡಿಸಲು, ದುರಸ್ತಿ ಮಾಡಲು, ಪರೀಕ್ಷಿಸಲು ಕೂಡ 5ನೆಯ ಕಲಮಿನ ಪ್ರಕಾರ ಲೈಸೆನ್ಸ್ ಬೇಕು. 2019ರ ತಿದ್ದುಪಡಿಯ ನಂತರ ಆ ಕಲಮನ್ನು ಮೀರಿದವರಿಗೆ ಕನಿಷ್ಠ ಏಳು ವರ್ಷ, ಗರಿಷ್ಠ ಜೀವಾವಧಿ ಸಜೆ. ಪರಿಚಯದವನಿಗೆ ಉಪಕಾರವೆಂದು ಇನ್ನೂರು ರೂಪಾಯಿಗೆ ಮಾಡಿಕೊಟ್ಟ ತುಂಡು ಒಬ್ಬ ಕುಶಲಕರ್ಮಿಯ ಇಡೀ ಬದುಕನ್ನು ಜೈಲಿಗೆ ತಳ್ಳಬಲ್ಲದು. ಅದರಿಂದ ಜೀವ ಹೋದರೆ ನಿರ್ಲಕ್ಷ್ಯದ ಸಾವಿನ ಮೊಕದ್ದಮೆ ಬೇರೆ. ಹಾಗಾಗಿ "ಆಗೋದಿಲ್ಲೋ ತಮ್ಮಾ, ಇದನ್ನ ಲೈಸೆನ್ಸ್ ಇದ್ದ ಬಂದೂಕಿನ ಅಂಗಡಿಗೆ ಒಯ್ಯಿ" ಎಂದು ತುಂಡನ್ನು ಕರವಸ್ತ್ರದಲ್ಲಿಯೇ ತಿರುಗಿ ಕೊಡುವ ಕಾಕಾ ತನ್ನನ್ನೂ ಆ ಹುಡುಗನನ್ನೂ ಉಳಿಸಿಕೊಳ್ಳುತ್ತಾನೆ.

ಶಿಕ್ಷೆಯ ಹೆದರಿಕೆ ಒಂದರಿಂದಲೇ ಇದು ನಿಲ್ಲುವುದಿಲ್ಲ ಎಂಬುದನ್ನೂ ಒಪ್ಪಿಕೊಳ್ಳಬೇಕು. ದುರಸ್ತಿಯ ಲೈಸೆನ್ಸ್ ಇರುವ ಅಂಗಡಿ ತಾಲೂಕಿನಲ್ಲಿ ಸಿಗುವುದು ಕಷ್ಟ. ಜಿಲ್ಲಾ ಸ್ಥಳದಲ್ಲಿದ್ದರೂ ಒಳಗೆ ಕೂತಿರುವವರು ಹೆಚ್ಚಾಗಿ ವ್ಯಾಪಾರಿಗಳು. ಸಿಯರಿನ ಅಂಚನ್ನು ಭೂತಗನ್ನಡಿಯಲ್ಲಿ ನೋಡಿ ಹೇಳಬಲ್ಲ ಮುದುಕ ಮಿಸ್ತ್ರಿಗಳ ಕಾಲ ಮುಗಿಯುತ್ತಾ ಬಂದಿದೆ. ಸರಿಯಾದ ದಾರಿ ದೂರವಾಗಿ, ತಪ್ಪು ದಾರಿ ಮನೆಯ ಪಕ್ಕದಲ್ಲೇ ಇದ್ದರೆ ಜನ ಯಾವುದನ್ನು ಹಿಡಿಯುತ್ತಾರೆ ಎಂದು ಕೇಳಬೇಕಿಲ್ಲ. ಆದ್ದರಿಂದ ಕೊಲ್ಹಾಪುರ, ಬೆಳಗಾವಿ, ಕೊಡಗು ಜಿಲ್ಲಾಡಳಿತಗಳು ಸರಿಯಾದ ದಾರಿಯನ್ನು ಹತ್ತಿರ ತರಬೇಕೆಂದು ಕೇಳುತ್ತೇನೆ.

ಅದಕ್ಕೆ ಹೊಸ ಕಟ್ಟಡವೂ ಬೇಡ, ಹೊಸ ಕಾಯ್ದೆಯೂ ಬೇಡ. ಚುನಾವಣೆ ಬಂದಾಗ ಅನೇಕ ಲೈಸೆನ್ಸುದಾರರು ತಮ್ಮ ಬಂದೂಕುಗಳನ್ನು ಠಾಣೆಯಲ್ಲೋ ಅಂಗಡಿಯಲ್ಲೋ ಠೇವಣಿ ಇಡುತ್ತಾರೆ. ವಾರಗಟ್ಟಲೆ ಅವು ಅಲ್ಲಿಯೇ ಇರುತ್ತವೆ. ಜಿಲ್ಲಾ ಪೊಲೀಸ್ ಶಸ್ತ್ರಾಗಾರದಲ್ಲಿ ಆರ್ಮರರ್‌ಗಳಿದ್ದಾರೆ. ಲೀ ಎನ್‌ಫೀಲ್ಡ್ ರೈಫಲ್ಲು ಬಿಚ್ಚಿ ಜೋಡಿಸುವುದು ಪೊಲೀಸ್ ಪಡೆಗಳಿಗೆ ತಲೆಮಾರುಗಳಿಂದ ಬಂದ ವಿದ್ಯೆ. ಠೇವಣಿಯ ಆ ದಿನಗಳಲ್ಲಿ ಒಬ್ಬ ಆರ್ಮರರ್ ಪ್ರತಿ ಬಂದೂಕಿಗೂ ಕಾಲು ತಾಸು ಕೊಟ್ಟರೆ ಸೇಫ್ಟಿ, ಸಿಯರು, ಬೋಲ್ಟಿನ ನಂಬರು ಮೂರನ್ನೂ ನೋಡಿ ಚೀಟಿ ಬರೆಯಬಹುದು. ವಾರಸುದಾರನ ಹೆಸರಿಗೆ ವರ್ಗಾವಣೆಯಾಗುವಾಗ ಅಂಥ ಚೀಟಿ ಅರ್ಜಿಯ ಜೊತೆ ಇರಲೇಬೇಕೆಂದು ಮಾಡಲಿ. ನವೀಕರಣದ ಸಮಯದಲ್ಲಿ ನಂಬರ್ ಹೊಂದುತ್ತದೆಯೇ ಎಂದು ನೋಡುವ ಕಣ್ಣು, ಬಂದೂಕು ಸುರಕ್ಷಿತವೇ ಎಂದೂ ನೋಡಲಿ. ಕೊಡಗಿನಲ್ಲಿ ಪೊಲೀಸರೇ ಬರಬೇಕೆಂದಿಲ್ಲ. ಕೊಡವ ಸಮಾಜಗಳಲ್ಲಿ ಸೇನೆಯಿಂದ ನಿವೃತ್ತರಾದ ಬಲ್ಲವರಿಗೆ ಕೊರತೆಯಿಲ್ಲ. ಜಿಲ್ಲಾಡಳಿತದ ಒಪ್ಪಿಗೆ ಪಡೆದು ಆಗಸ್ಟ್ ತಿಂಗಳಿನಲ್ಲಿ ನಾಡಿಗೊಂದು ಕೋವಿ ತಪಾಸಣೆಯ ದಿನ ಇಟ್ಟುಕೊಂಡರೆ, ಹಬ್ಬಕ್ಕೆ ಮುಂಚೆ ಐನ್‌ಮನೆಯ ಕೋವಿಗಳೆಲ್ಲ ಒಮ್ಮೆ ಪರೀಕ್ಷೆಗೊಳಗಾಗುತ್ತವೆ. ಕೆಟ್ಟದ್ದು ಸಿಕ್ಕರೆ ಅದನ್ನು ಮುಟ್ಟುಗೋಲು ಹಾಕಿಕೊಳ್ಳುವ ಹೆದರಿಕೆ ಮಾತ್ರ ಇರಬಾರದು. ಆ ಹೆದರಿಕೆ ಇದ್ದರೆ ಯಾರೂ ತರುವುದಿಲ್ಲ, ತರಬೇಕಾದವರಂತೂ ತರುವುದೇ ಇಲ್ಲ.

ಮನೆಯಲ್ಲಿ ಹಳೆಯ ರೈಫಲ್ಲು ಇರುವವರು ಇವತ್ತೇ ಮಾಡಬಹುದಾದದ್ದೂ ಇದೆ. ಸೇಫ್ಟಿಯಾಗಲಿ ಟ್ರಿಗರಾಗಲಿ ಬೋಲ್ಟಾಗಲಿ ಯಾವಾಗಲೋ ಬದಲಾಗಿದೆ ಎಂಬ ಅನುಮಾನವಿದ್ದರೆ ಅದಕ್ಕೆ ತೋಟಾ ತುಂಬಬೇಡಿ. ನಳಿಗೆ, ಮ್ಯಾಗಜಿನ್ ಎರಡೂ ಖಾಲಿ ಇವೆಯೆಂದು ಕಣ್ಣಿನಿಂದ ನೋಡಿ, ಬೆರಳಿನಿಂದ ಮುಟ್ಟಿ ಖಾತ್ರಿ ಮಾಡಿಕೊಳ್ಳಿ; ತೋಟಾಗಳು ಆ ಕೋಣೆಯಲ್ಲಿಯೇ ಇರಬಾರದು. ಖಾಲಿ ರೈಫಲ್ಲಿನ ಬೋಲ್ಟ್ ಮುಚ್ಚಿ, ಸೇಫ್ಟಿ ಹಾಕಿ, ಮೂತಿಯನ್ನು ನಿರಪಾಯದ ದಿಕ್ಕಿಗೆ ಹಿಡಿದು ಟ್ರಿಗರನ್ನು ಗಟ್ಟಿಯಾಗಿ ಎಳೆದು ಬಿಡಿ. ಬೆರಳು ಹೊರಗೆ ತೆಗೆದು, ಸೇಫ್ಟಿ ಇಳಿಸಿ. ಆಗ ಟಕ್ ಎಂದು ಸ್ಟ್ರೈಕರ್ ಬಿದ್ದ ಸದ್ದು ಬಂದರೆ ಆ ರೈಫಲ್ಲು ಯಾವ ಕೈಗೂ ಹೋಗಬಾರದು. ಸದ್ದು ಬರಲಿಲ್ಲವೆಂದ ಮಾತ್ರಕ್ಕೆ ಅದು ಸರಿಯಿದೆ ಎಂದೂ ತಿಳಿಯಬೇಡಿ. ಇಂದು ಹಿಡಿದ ಅಂಚು ಚಳಿಗೆ, ಧೂಳಿಗೆ, ಒಂದು ಹೊಡೆತಕ್ಕೆ ನಾಳೆ ಬಿಡಬಹುದು. ಅದನ್ನು ಹೇಳಬೇಕಾದದ್ದು ಬಲ್ಲವರ ಅಳತೆ.

ಬೋಲ್ಟನ್ನು ಹೊರಗೆ ತೆಗೆದು ಬೇರೆ ಕಪಾಟಿನಲ್ಲಿ ಬೀಗ ಹಾಕಿಡಿ. ರೈಫಲ್ಲಿನ ಕುತ್ತಿಗೆಗೆ ಒಂದು ಚೀಟಿ ಕಟ್ಟಿ, ಏನು ಬದಲಾಗಿದೆ, ಯಾವ ವರ್ಷ, ಯಾರಿಂದ ಎಂದು ನೆನಪಿದ್ದಷ್ಟನ್ನು ಬರೆಯಿರಿ. ಅಜ್ಜ ಇನ್ನೂ ಇದ್ದರೆ, ಅವರ ಪಕ್ಕದಲ್ಲಿ ಕೂತು ಇವತ್ತೇ ಕೇಳಿ ಬರೆದುಕೊಳ್ಳಿ.